ಹೀಟರ್ ಗಾಳಿಯಲ್ಲಿ ದಿನವಿಡೀ ಕೆಲಸವಾ? ಚರ್ಮ ಒಡೆಯದಂತೆ ನೋಡಿಕೊಳ್ಳೋದು ಹೀಗೆ

ಮಧ್ಯಾಹ್ನ ಮೂರರ ಹೊತ್ತಿಗೆ ಶುರುವಾಗುತ್ತದೆ. ಕೆನ್ನೆ ಬಿಗಿದ ಹಾಗಾಗುತ್ತದೆ, ನಗಲು ಹೋದರೆ ತುಟಿಯ ನಡುವೆ ಚುರ್ ಅನ್ನುತ್ತದೆ, ಮುಂಗೈ ಮೇಲೆ ಉಗುರಿನಿಂದ ಗೀರಿದರೆ ಸ್ಲೇಟಿನ ಮೇಲೆ ಬಳಪ ಎಳೆದಂತೆ ಬಿಳಿ ಗೆರೆ ಮೂಡುತ್ತದೆ. ಬೆಳಗ್ಗೆ ಕ್ರೀಮ್ ಹಚ್ಚಿಕೊಂಡೇ ಬಂದಿರುತ್ತೀರಿ. ಆದರೂ ಹೀಗೆ. ಚಳಿಗಾಲದಲ್ಲಿ ಹೀಟರ್ ಓಡುವ ಕಟ್ಟಡದೊಳಗೆ ಎಂಟು ಒಂಬತ್ತು ಗಂಟೆ ಕಳೆಯುವ ಎಷ್ಟೋ ಜನರ ಪಾಡು ಇದು.

ನನಗೆ ಪಾಠ ಕಲಿಸಿದ್ದು ಬಲಗೈ ಹೆಬ್ಬೆರಳು. ಉಗುರಿನ ಪಕ್ಕದಲ್ಲಿ ಕೂದಲೆಳೆಯಷ್ಟು ಸಣ್ಣ ಸೀಳು. ನೋಡಿದರೆ ಏನೂ ಇಲ್ಲ ಅನ್ನಿಸುತ್ತದೆ, ಆದರೆ ಅಂಗಿಯ ಗುಂಡಿ ಹಾಕುವಾಗ, ಬಾಟಲಿ ಮುಚ್ಚಳ ತಿರುಗಿಸುವಾಗ, ಸ್ಪೇಸ್ ಬಾರ್ ಒತ್ತುವಾಗ ಜೀವ ಹೋದಂತಾಗುತ್ತಿತ್ತು. ಒಂದಾದ ಮೇಲೊಂದು ನಾಲ್ಕು ಬಗೆಯ ಕ್ರೀಮ್ ತಂದೆ. ಯಾವುದರಿಂದಲೂ ಮಧ್ಯಾಹ್ನದವರೆಗೆ ತಡೆಯಲಿಲ್ಲ. ಆಮೇಲೆ ಅರ್ಥವಾಯಿತು. ಒಣಗಿದ ಚರ್ಮದ ಮೇಲೆ ಕ್ರೀಮ್ ಹಚ್ಚುತ್ತಿದ್ದೆ, ದಿನಕ್ಕೆ ಹತ್ತು ಸಲ ಸೋಪು ಹಾಕಿ ತೊಳೆದು ಅದನ್ನು ಕಳೆಯುತ್ತಿದ್ದೆ, ತೊಳೆದ ಮೇಲೆ ಮತ್ತೆ ಹಚ್ಚುತ್ತಲೇ ಇರಲಿಲ್ಲ. ಯಾವ ಕ್ರೀಮ್ ಅನ್ನೋದಕ್ಕಿಂತ ಯಾವಾಗ ಹಚ್ಚುತ್ತೀರಿ ಅನ್ನೋದೇ ಜಾಸ್ತಿ ಮುಖ್ಯ. ಕೆಳಗೆ ಬರೆದಿರುವುದರಲ್ಲಿ ಬೇರೆಲ್ಲ ಮರೆತರೂ ಇದೊಂದು ನೆನಪಿದ್ದರೆ ಅರ್ಧ ಕೆಲಸ ಆದ ಹಾಗೆ.

ಮೊದಲು, ಆಗುತ್ತಿರುವುದೇನು ಅಂತ ತಿಳಿದುಕೊಳ್ಳಿ

ಹೀಟರ್ ಗಾಳಿಯಲ್ಲಿರುವ ನೀರನ್ನು ಸುಟ್ಟುಬಿಡುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ನೀರು ಇದ್ದಷ್ಟೇ ಇರುತ್ತದೆ, ಗಾಳಿಯ ದಾಹ ಹೆಚ್ಚುತ್ತದೆ. 0 ಡಿಗ್ರಿ ಸೆಲ್ಸಿಯಸ್ ಇರುವ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 5 ಗ್ರಾಂ ನೀರಾವಿ ಹಿಡಿದುಕೊಳ್ಳುತ್ತದೆ. ಅದೇ ಗಾಳಿಯನ್ನು 22 ಡಿಗ್ರಿಗೆ ಬಿಸಿ ಮಾಡಿದರೆ 19 ಗ್ರಾಂಗಿಂತ ಜಾಸ್ತಿ ಹಿಡಿಯಬಲ್ಲದು. ಅಂದರೆ ಹೊರಗೆ ಮಂಜು ಕವಿದು ಗಾಳಿ ಪೂರ್ತಿ ಒದ್ದೆಯಾಗಿದ್ದರೂ ಅದೇ ಗಾಳಿ ಒಳಗೆ ಬಂದು ಬಿಸಿಯಾದಾಗ ಆರ್ದ್ರತೆ ಶೇ. 25ರ ಆಸುಪಾಸಿಗೆ ಇಳಿದಿರುತ್ತದೆ. ಕಾಲು ಪಾಲು ತುಂಬಿದ ಕೊಡ. ಉಳಿದ ಮುಕ್ಕಾಲು ಪಾಲಿಗೆ ಅದು ಸಿಕ್ಕಲ್ಲಿಂದ ನೀರು ಹೀರುತ್ತದೆ. ಮರದ ಮೇಜಿನಿಂದ, ಕುಂಡದ ಗಿಡದಿಂದ, ನಿಮ್ಮ ಮುಖದಿಂದ.

ನಮ್ಮ ಚರ್ಮದ ಕಟ್ಟಕಡೆಯ ಹೊರಪದರ ದೇಹದ ಹೆಚ್ಚಿನ ಕಡೆ ತುಂಬಾ ತೆಳು, ಒಂದು ಮಿಲಿಮೀಟರಿನ ನೂರನೇ ಒಂದೆರಡು ಭಾಗದಷ್ಟು. ಆ ಪದರದ ಸತ್ತ ಕೋಶಗಳ ನಡುವೆ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನ ಆಮ್ಲಗಳ ಜಿಡ್ಡು ತುಂಬಿರುತ್ತದೆ. ಒಳಗಿನ ನೀರು ಸುಮ್ನೆ ಆವಿಯಾಗಿ ಹೋಗದಂತೆ ತಡೆಯೋದು ಈ ಜಿಡ್ಡೇ. ಪದರದಲ್ಲಿ ಸ್ವಲ್ಪ ಪಸೆ ಇದ್ದರೆ ಚರ್ಮ ಬಳುಕುತ್ತದೆ, ಮಡಚುತ್ತದೆ. ಪಸೆ ಆರಿದರೆ ಬೇಸಿಗೆಯ ಕೆರೆಯಂಗಳ ಬಿರಿದಂತೆ ಬಿರಿಯುತ್ತದೆ. ಬೆರಳ ಗೆಣ್ಣಿನ ಹತ್ತಿರ, ಉಗುರಿನ ಪಕ್ಕ, ತುಟಿ ಮೂಲೆ, ಹಿಮ್ಮಡಿ, ಹೀಗೆ ಹೆಚ್ಚು ಮಡಚುವ ಇಲ್ಲವೇ ಎಳೆತ ಬೀಳುವ ಜಾಗದಲ್ಲೇ ಮೊದಲು.

ಹಾಗಾಗಿ ಮಾಡಬೇಕಾದ್ದು ಮೂರು. ಗಾಳಿಯ ದಾಹ ಕಡಿಮೆ ಮಾಡುವುದು, ಚರ್ಮದ ಜಿಡ್ಡನ್ನು ನಾವೇ ತೊಳೆದು ಕಳೆಯದಿರುವುದು, ಇರುವ ನೀರನ್ನು ಸರಿಯಾದ ಹೊತ್ತಿಗೆ ಮುಚ್ಚಿಡುವುದು.

ಹೆಜ್ಜೆ 1: ಗಾಳಿಯನ್ನು ಅಳೆಯಿರಿ

ಹೈಗ್ರೋಮೀಟರ್ ಅಂತ ಒಂದು ಪುಟ್ಟ ಉಪಕರಣ ಸಿಗುತ್ತದೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಆರ್ದ್ರತೆ ಎಷ್ಟು ಅಂತ ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ನೀವು ಕೂರುವ ಜಾಗದಲ್ಲಿ, ಮುಖದ ಎತ್ತರಕ್ಕೆ ಹತ್ತಿರದಲ್ಲಿ ಇಡಿ. ಕಿಟಕಿ ಅಂಚಿನಲ್ಲೋ ಕಂಪ್ಯೂಟರಿನ ಬಿಸಿಗಾಳಿ ಬರುವ ಕಡೆಯೋ ಬೇಡ, ತಪ್ಪು ತೋರಿಸುತ್ತದೆ.

ಅಗ್ಗದ ಮೀಟರ್ ನಂಬಬಹುದಾ ಅನ್ನೋ ಅನುಮಾನ ಇದ್ದರೆ ಒಂದು ಹಳೇ ಉಪಾಯ ಇದೆ, ನನಗೆ ತುಂಬಾ ಇಷ್ಟವಾದದ್ದು. ಬಾಟಲಿಯ ಮುಚ್ಚಳವೊಂದರಲ್ಲಿ ಅಡುಗೆ ಉಪ್ಪು ತುಂಬಿ. ಅದಕ್ಕೆ ಕೆಲವೇ ಹನಿ ನೀರು ಹಾಕಿ, ಉಪ್ಪು ಒದ್ದೆ ಮರಳಿನಂತೆ ಆಗಬೇಕು, ಕರಗಬಾರದು. ಮುಚ್ಚಳವನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ರಾತ್ರಿಯಿಡೀ ಬಿಡಿ. ಒದ್ದೆ ಉಪ್ಪಿನ ಸುತ್ತ ಮುಚ್ಚಿದ ಗಾಳಿಯ ಆರ್ದ್ರತೆ ಯಾವಾಗಲೂ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಬೆಳಗ್ಗೆ ಮೀಟರ್ 70 ತೋರಿಸಿದರೆ ಅದು 5 ಕಡಿಮೆ ತೋರಿಸುತ್ತದೆ ಅಂತ ಲೆಕ್ಕ. ಅಷ್ಟನ್ನು ಕೂಡಿಸಿ ಓದಿಕೊಂಡರೆ ಸಾಕು.

ಶೇ. 40ರಿಂದ 60 ಚರ್ಮಕ್ಕೂ ಕಣ್ಣಿಗೂ ಹಿತ. 30ಕ್ಕಿಂತ ಕೆಳಗೆ ಇಳಿದರೆ ಹೆಚ್ಚಿನವರಿಗೆ ಗೊತ್ತಾಗತೊಡಗುತ್ತದೆ. ಬಾಗಿಲ ಹಿಡಿಕೆ ಮುಟ್ಟಿದರೆ ಚಟ್ ಅಂತ ಕರೆಂಟ್ ಹೊಡೆದ ಹಾಗಾಗುವುದು, ಸ್ವೆಟರ್ ತೆಗೆಯುವಾಗ ಚಟಪಟ ಸದ್ದು ಬರುವುದು, ಇವೆಲ್ಲ ಮೀಟರ್ ಇಲ್ಲದೆಯೇ ಗೊತ್ತಾಗುವ ಗುರುತುಗಳು. ನನ್ನ ಮೇಜಿನ ಮೇಲೆ ಮೊದಲ ದಿನ ಬಂದ ಅಂಕಿ 19. ಅದನ್ನು ನೋಡಿದ ಮೇಲೆ ಕ್ರೀಮನ್ನು ಬೈಯುವುದು ಬಿಟ್ಟೆ.

ಹೆಜ್ಜೆ 2: ಕೂರುವ ಜಾಗ ಮತ್ತು ಶಾಖ

ಬೀಸುವ ಬಿಸಿಗಾಳಿ ನಿಂತ ಗಾಳಿಗಿಂತ ಬೇಗ ಒಣಗಿಸುತ್ತದೆ, ಬಟ್ಟೆ ಒಣಗಿಸುವವರಿಗೆಲ್ಲ ಗೊತ್ತಿರುವ ವಿಷಯ. ನಿಮ್ಮ ತಲೆಯ ಮೇಲೋ ಪಕ್ಕದಲ್ಲೋ ಗಾಳಿ ಬರುವ ಕಿಂಡಿ ಇದೆಯಾ ನೋಡಿ. ಒಂದು ಕಾಗದದ ಚೂರು ಹಿಡಿದರೆ ಗಾಳಿ ಯಾವ ಕಡೆ ಹೊಡೆಯುತ್ತಿದೆ ಅಂತ ಗೊತ್ತಾಗುತ್ತದೆ. ಕಿಂಡಿಯ ಪಟ್ಟಿ ತಿರುಗಿಸಲು ಹೇಳಿ, ಆಗದಿದ್ದರೆ ಕುರ್ಚಿಯನ್ನು ಒಂದೆರಡು ಅಡಿ ಸರಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಶಾಖ ಒಂದೆರಡು ಡಿಗ್ರಿ ಇಳಿಸಿದರೂ ಲಾಭ ಇದೆ. 24 ಡಿಗ್ರಿಯಲ್ಲಿ ಶೇ. 20 ಇದ್ದ ಆರ್ದ್ರತೆ 21 ಡಿಗ್ರಿಗೆ ಇಳಿಸಿದರೆ ಒಂದು ಹನಿ ನೀರೂ ಸೇರಿಸದೆ 24ರ ಹತ್ತಿರ ಬರುತ್ತದೆ. ಮೇಲೊಂದು ಸ್ವೆಟರ್ ಹಾಕಿಕೊಳ್ಳಬಹುದಲ್ವಾ. ಎಲ್ಲರೂ ಕೂರುವ ಜಾಗದಲ್ಲಿ ಇದನ್ನು ಒಬ್ಬರೇ ತೀರ್ಮಾನಿಸಲು ಆಗುವುದಿಲ್ಲ, ಅದಕ್ಕೇ ಒಂದು ವಾರ ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೀಟರ್ ಅಂಕಿ ಬರೆದಿಟ್ಟು ಕಟ್ಟಡ ನೋಡಿಕೊಳ್ಳುವವರ ಮುಂದೆ ಇಡಿ. "ಗಾಳಿ ಒಣಗಿದೆ" ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳದಿರಬಹುದು. ಇಪ್ಪತ್ತೊಂದು ಅಂಕಿಗಳ ಪಟ್ಟಿ ಕೊಟ್ಟರೆ ಕೇಳುತ್ತಾರೆ.

ಮೇಜಿನ ಕೆಳಗೆ ಕಾಲಿಗೆ ಸಣ್ಣ ಹೀಟರ್ ಇಟ್ಟುಕೊಳ್ಳುವವರಿಗೆ ಒಂದು ಮಾತು, ದಯವಿಟ್ಟು ಗಮನ ಕೊಡಿ. ಸುಡುವಷ್ಟು ಬಿಸಿ ಇಲ್ಲದಿದ್ದರೂ ಒಂದೇ ಜಾಗಕ್ಕೆ ವಾರಗಟ್ಟಲೆ ಶಾಖ ತಾಗುತ್ತಿದ್ದರೆ ಚರ್ಮದ ಮೇಲೆ ಮೀನಿನ ಬಲೆಯಂಥ ಕೆಂಪು-ಕಂದು ಗೆರೆಗಳು ಮೂಡುತ್ತವೆ. ವೈದ್ಯರು ಇದಕ್ಕೆ ಎರಿಥೀಮಾ ಆಬ್ ಇಗ್ನೆ ಅನ್ನುತ್ತಾರೆ. ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವವರಿಗೂ ಬಿಸಿನೀರಿನ ಚೀಲ ಒತ್ತಿಕೊಂಡೇ ಇರುವವರಿಗೂ ಇದು ಬರುತ್ತದೆ. ಶುರುವಿನಲ್ಲೇ ಶಾಖ ತಪ್ಪಿಸಿದರೆ ನಿಧಾನವಾಗಿ ಮಾಸುತ್ತದೆ, ವರ್ಷಗಟ್ಟಲೆ ಬಿಟ್ಟರೆ ಕಲೆ ಉಳಿದುಬಿಡಬಹುದು. ಹೀಟರ್ ದೂರ ಇಡಿ, ದಪ್ಪ ಕಾಲುಚೀಲ ಹಾಕಿ.

ಹೆಜ್ಜೆ 3: ಹ್ಯೂಮಿಡಿಫೈಯರ್, ಅದರ ಮಿತಿ ತಿಳಿದು

ಯುಎಸ್‌ಬಿ ಕೇಬಲಿಗೆ ಸಿಕ್ಕಿಸುವ ಪುಟ್ಟ ಹ್ಯೂಮಿಡಿಫೈಯರ್, ಅಂದರೆ ಗಾಳಿಗೆ ತೇವ ಸೇರಿಸುವ ಯಂತ್ರ, ಚೆಂದ ಕಾಣುತ್ತದೆ. ಕೊಳ್ಳುವ ಮೊದಲು ಲೆಕ್ಕ ಹಾಕಿ. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆ ಅಂದರೆ 60 ಘನ ಮೀಟರ್ ಗಾಳಿ. 22 ಡಿಗ್ರಿಯಲ್ಲಿ ಆರ್ದ್ರತೆಯನ್ನು 20ರಿಂದ 40ಕ್ಕೆ ಏರಿಸಲು ಸುಮಾರು ಕಾಲು ಲೀಟರ್ ನೀರು ಆವಿಯಾಗಿ ಗಾಳಿಗೆ ಸೇರಬೇಕು. ಅದೂ ಒಂದು ಸಲಕ್ಕೆ. ಹೊರಗಿನ ಗಾಳಿ ಗಂಟೆಗೊಮ್ಮೆ ಒಳಗೆ ಬಂದು ಹಳೆಯದು ಹೋಗುತ್ತಿದ್ದರೆ ಪ್ರತಿ ಗಂಟೆಗೂ ಕಾಲು ಲೀಟರ್. ಬಾಗಿಲು ಮುಚ್ಚಿದ ಸಣ್ಣ ಕೋಣೆಗೆ ಸರಿಯಾದ ಅಳತೆಯ ಯಂತ್ರ ಖಂಡಿತ ಕೆಲಸ ಮಾಡುತ್ತದೆ. ನೂರು ಜನ ಕೂರುವ ತೆರೆದ ಹಾಲ್‌ನಲ್ಲಿ ಲೋಟದಷ್ಟು ದೊಡ್ಡ ಯಂತ್ರದಿಂದ ಆರ್ದ್ರತೆ ಏರುವುದಿಲ್ಲ. ಮೇಜಿನ ಮೇಲೆ ಬಟ್ಟಲಲ್ಲಿ ನೀರಿಡುವುದೂ ಅಷ್ಟೇ, ದಿನವಿಡೀ ಆವಿಯಾಗುವುದು ತೀರಾ ಸ್ವಲ್ಪ.

ಬಳಸುವುದಾದರೆ ಸ್ವಚ್ಛತೆಯಲ್ಲಿ ರಾಜಿ ಬೇಡ. ದಿನಾ ಹಳೆಯ ನೀರು ಚೆಲ್ಲಿ ಒರೆಸಿ ಹೊಸದು ಹಾಕಿ. ಮೂರು ದಿನಕ್ಕೊಮ್ಮೆ ಉಜ್ಜಿ ತೊಳೆಯಿರಿ. ಅಲ್ಟ್ರಾಸಾನಿಕ್ ಬಗೆಯದ್ದಾದರೆ (ನೀರನ್ನು ಕಂಪನದಿಂದ ತಣ್ಣನೆ ಮಂಜಾಗಿ ಹಾರಿಸುವಂಥದ್ದು) ಡಿಸ್ಟಿಲ್ಡ್ ವಾಟರ್ ಹಾಕಿ, ಇಲ್ಲದಿದ್ದರೆ ನಲ್ಲಿ ನೀರಿನ ಖನಿಜಗಳು ಬಿಳಿ ಪುಡಿಯಾಗಿ ಮೇಜಿನ ಮೇಲೆ ಕೂರುತ್ತವೆ, ಉಸಿರಿನ ಜೊತೆ ಒಳಗೂ ಹೋಗುತ್ತವೆ. ಲೋಳೆ ಕಟ್ಟಿದ ಯಂತ್ರ ಬ್ಯಾಕ್ಟೀರಿಯಾ, ಬೂಷ್ಟನ್ನು ಗಾಳಿಗೆ ಹರಡುತ್ತದೆ, ಅದಕ್ಕಿಂತ ಒಣ ಗಾಳಿಯೇ ವಾಸಿ. ಆರ್ದ್ರತೆ 60 ದಾಟಿಸಬೇಡಿ, ಕಿಟಕಿ ಗಾಜಿನ ಒಳಮೈ ಮೇಲೆ ನೀರು ಇಳಿಯತೊಡಗಿದರೆ ಅದಕ್ಕೂ ಮೊದಲೇ ನಿಲ್ಲಿಸಿ.

ಹೆಜ್ಜೆ 4: ಸ್ನಾನ ಮುಗಿದ ಮೂರು ನಿಮಿಷ

ಕೆಲಸದ ಜಾಗದ ಗಾಳಿ ನಮ್ಮ ಕೈಯಲ್ಲಿಲ್ಲದಿರಬಹುದು, ಸ್ನಾನ ನಮ್ಮ ಕೈಯಲ್ಲಿದೆ. ಚಳಿಯಲ್ಲಿ ಸುಡುಸುಡು ನೀರಿನ ಕೆಳಗೆ ನಿಲ್ಲುವ ಸುಖ ನನಗೂ ಗೊತ್ತು. ಆದರೆ ಬೆಣ್ಣೆ ಮೆತ್ತಿದ ಪಾತ್ರೆಯನ್ನು ಬಿಸಿನೀರಲ್ಲಿ ಯಾಕೆ ತೊಳೆಯುತ್ತೇವೆ ಯೋಚಿಸಿ. ಚರ್ಮದ ಜಿಡ್ಡಿಗೂ ಹಾಗೇ ಆಗುತ್ತದೆ. ಉಗುರು ಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ. ಸೋಪು ಕಂಕುಳು, ತೊಡೆಸಂದು, ಪಾದ, ಕೊಳೆಯಾದ ಜಾಗಕ್ಕೆ ಸಾಕು. ಕೈ ಕಾಲಿಗೆಲ್ಲ ದಿನಾ ನೊರೆ ಹಚ್ಚಲೇಬೇಕು ಅಂತೇನಿಲ್ಲ.

ಸೋಪಿನ ಬಗ್ಗೆ ಇನ್ನೊಂದು ವಿಷಯ. ಚರ್ಮದ ಮೇಲ್ಮೈ ಸ್ವಲ್ಪ ಹುಳಿ ಗುಣದ್ದು, ಪಿಎಚ್ ಸುಮಾರು 5. ಸಾಮಾನ್ಯ ಬಾರ್ ಸೋಪಿನದ್ದು 9ರಿಂದ 10, ಅಂದರೆ ಅದಕ್ಕೆ ವಿರುದ್ಧವಾದ ಕ್ಷಾರ ಗುಣ. ಚಳಿಗಾಲದ ಮಟ್ಟಿಗೆ ಸಿಂಡೆಟ್ ಬಾರ್ (ಸೋಪಿನಂತೆ ಕಂಡರೂ ಸೋಪಲ್ಲದ, ಚರ್ಮಕ್ಕೆ ಮೆದುವಾದ ಬಾರ್), ಇಲ್ಲವೇ ಪರಿಮಳ ಇಲ್ಲದ ಮೃದು ಕ್ಲೆನ್ಸರ್‌ಗೆ ಬದಲಾಯಿಸಿ.

ಈಗ ಮುಖ್ಯವಾದದ್ದು. ಟವೆಲಿನಿಂದ ಉಜ್ಜಬೇಡಿ, ಒತ್ತಿ ಒತ್ತಿ ನೀರು ತೆಗೆಯಿರಿ. ಮೈ ಇನ್ನೂ ತುಸು ತೇವ ಇರುವಾಗಲೇ, ಮೂರು ನಿಮಿಷದೊಳಗೆ, ಸ್ನಾನದ ಮನೆಯ ಬಾಗಿಲು ತೆರೆಯುವ ಮೊದಲೇ ಕ್ರೀಮ್ ಹಚ್ಚಿ. ಆ ಹೊತ್ತಿನಲ್ಲಿ ಹೊರಪದರ ನೀರು ಕುಡಿದು ಉಬ್ಬಿರುತ್ತದೆ, ಮೇಲೆ ಮುಚ್ಚಳ ಹಾಕಿದಂತೆ ಕ್ರೀಮ್ ಕೂತುಕೊಳ್ಳುತ್ತದೆ. ಬಟ್ಟೆ ಹಾಕಿಕೊಂಡು, ತಲೆ ಬಾಚಿ, ಕಾಲು ಗಂಟೆ ಬಿಟ್ಟು ಹಚ್ಚಿದರೆ ಆ ನೀರು ಆಗಲೇ ಆವಿಯಾಗಿ ಹೋಗಿರುತ್ತದೆ. ಡಬ್ಬಿಯನ್ನು ಅಲಮಾರಿಯಿಂದ ತೆಗೆದು ಸೋಪಿನ ಪಕ್ಕ ಇಟ್ಟಿದ್ದೇ ನಾನು ಮಾಡಿದ ಅತಿ ದೊಡ್ಡ ಬದಲಾವಣೆ. ಖರ್ಚು ಏನೂ ಇಲ್ಲ.

ಹೆಜ್ಜೆ 5: ಡಬ್ಬಿಯ ಹಿಂದೆ ಬರೆದದ್ದನ್ನು ಓದಿ

ಮುಂದಿನ ಚಿತ್ರ, ಹೆಸರು ಬಿಟ್ಟುಬಿಡಿ. ಹಿಂದೆ ಮೂರು ಬಗೆಯ ವಸ್ತು ಹುಡುಕಿ. ನೀರನ್ನು ಹಿಡಿದಿಡುವವು: ಗ್ಲಿಸರಿನ್, ಯೂರಿಯಾ, ಹೈಲುರಾನಿಕ್ ಆಸಿಡ್. ಒರಟನ್ನು ನಯ ಮಾಡಿ ಸಂದು ತುಂಬುವವು: ಸೆರಮೈಡ್, ಶಿಯಾ ಬಟರ್‌ನಂಥವು. ಮೇಲೆ ಮುಚ್ಚುವವು: ಪೆಟ್ರೋಲಿಯಂ ಜೆಲ್ಲಿ, ಪ್ಯಾರಾಫಿನ್ ಎಣ್ಣೆ, ಡೈಮೆಥಿಕೋನ್. ಒಣ ಗಾಳಿಯಲ್ಲಿ ಮೊದಲನೇ ಬಗೆಯದ್ದು ಒಂದೇ ಇದ್ದರೆ ಸಾಲದು. ಗ್ಲಿಸರಿನ್ ಹಿಡಿದಿಟ್ಟ ನೀರು ಹಾರಿಹೋಗದಂತೆ ಮೇಲೆ ಮುಚ್ಚುವ ಪದರ ಬೇಕೇ ಬೇಕು. ಮುಚ್ಚುವುದರಲ್ಲಿ ಸಾದಾ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸುವಂಥದ್ದು ಇಲ್ಲ ಅನ್ನಬಹುದು, ಜಿಡ್ಡು ಅನ್ನೋದೊಂದೇ ತೊಂದರೆ.

ಲೋಷನ್‌ನಲ್ಲಿ ನೀರು ಜಾಸ್ತಿ, ಕ್ರೀಮ್‌ನಲ್ಲಿ ಅದಕ್ಕಿಂತ ಕಡಿಮೆ, ಆಯಿಂಟ್‌ಮೆಂಟ್‌ನಲ್ಲಿ ಬಹುತೇಕ ಜಿಡ್ಡೇ. ಪಂಪ್ ಒತ್ತಿದರೆ ಸುರಿಯುವ ತೆಳು ಲೋಷನ್ ಹೀಟರ್ ಗಾಳಿಗೆ ತಡೆಯುವುದಿಲ್ಲ, ಡಬ್ಬಿಯಿಂದ ಬೆರಳಲ್ಲಿ ತೆಗೆಯುವ ಗಟ್ಟಿ ಕ್ರೀಮ್ ತಗೊಳ್ಳಿ. ಶೇ. 5ರಿಂದ 10 ಯೂರಿಯಾ ಇರುವ ಕ್ರೀಮ್ ಒರಟು ಕೈಕಾಲಿಗೆ ಒಳ್ಳೆಯದು, ಆದರೆ ಬಾಯಿ ಬಿಟ್ಟ ಬಿರುಕಿನ ಮೇಲೆ ಹಚ್ಚಿದರೆ ಉರಿಯುತ್ತದೆ. ಆಗ ಬರೀ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಬಿರುಕು ಕೂಡಿದ ಮೇಲೆ ಯೂರಿಯಾ ಶುರು ಮಾಡಿ.

ಎಣ್ಣೆ ಹಚ್ಚಿದರೆ ಆಗಲ್ವಾ ಅಂತ ಕೇಳುವವರು ತುಂಬಾ. ಎಣ್ಣೆಯಲ್ಲಿ ನೀರಿಲ್ಲ, ಅದು ಮುಚ್ಚಳ ಮಾತ್ರ. ತೇವ ಮೈ ಮೇಲೆ ಹಚ್ಚಿದರೆ ಕೊಬ್ಬರಿ ಎಣ್ಣೆ ಕೆಲಸ ಮಾಡುತ್ತದೆ. ಆಲಿವ್ ಎಣ್ಣೆ ಬೇಡ, ಅದರಲ್ಲಿ ಹೇರಳವಾಗಿರುವ ಒಲೇಯಿಕ್ ಆಮ್ಲ ಚರ್ಮದ ತಡೆಗೋಡೆಯನ್ನೇ ಸಡಿಲ ಮಾಡುತ್ತದೆ.

ಪರಿಮಳ ಇಲ್ಲದ್ದನ್ನೇ ಆರಿಸಿ. ಬಿರಿದ ಚರ್ಮದ ಮೂಲಕ ಸುಗಂಧದ ರಾಸಾಯನಿಕ ಸುಲಭವಾಗಿ ಒಳಗೆ ಹೋಗಿ ಅಲರ್ಜಿ ತರಬಹುದು. ವಾಸನೆ ಬರದಿದ್ದ ಮಾತ್ರಕ್ಕೆ ಸುಗಂಧ ಇಲ್ಲ ಅಂತಲ್ಲ, ಕೆಲವು ಸಲ ಬೇರೆ ವಾಸನೆ ಮುಚ್ಚಲು ಸುಗಂಧ ಹಾಕಿರುತ್ತಾರೆ, ಅದಕ್ಕೇ ಪಟ್ಟಿ ಓದಬೇಕು. ಹೊಸ ಕ್ರೀಮ್ ತಂದರೆ ಮೊಣಕೈ ಒಳಮಗ್ಗುಲಲ್ಲಿ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ನೋಡಿ. ಕೆಂಪಾಗದಿದ್ದರೆ ಮುಖಕ್ಕೆ. ಮೊಡವೆಗೆ ರೆಟಿನಾಯ್ಡ್ ಅಥವಾ ಆಸಿಡ್ ಬಳಸುವವರು ಮುಖ ಉರಿಯತೊಡಗಿದರೆ ದಿನ ಬಿಟ್ಟು ದಿನ ಹಚ್ಚಿ, ವೈದ್ಯರು ಬರೆದುಕೊಟ್ಟ ಔಷಧವಾದರೆ ಅವರನ್ನು ಕೇಳಿ. ಸಿಪ್ಪೆ ಏಳುತ್ತಿದೆ ಅಂತ ಸ್ಕ್ರಬ್ ಹಾಕಿ ತಿಕ್ಕಬೇಡಿ. ಸಿಪ್ಪೆ ಜೊತೆ ಒಳ್ಳೆಯ ಪದರವೂ ಹೋಗುತ್ತದೆ.

ಹೆಜ್ಜೆ 6: ಕೆಲಸದ ನಡುವೆ ಕೈಗಳು

ಮುಖಕ್ಕಿಂತ ಕೈಯೇ ಜಾಸ್ತಿ ಕಷ್ಟಪಡುವುದು. ಗಾಳಿಯೂ ಒಣಗಿಸುತ್ತದೆ, ಸೋಪೂ ಒಣಗಿಸುತ್ತದೆ, ಕಾಗದ ಮತ್ತು ರಟ್ಟಿನ ಪೆಟ್ಟಿಗೆ ಇದ್ದಬದ್ದ ಜಿಡ್ಡನ್ನೂ ಹೀರಿಕೊಳ್ಳುತ್ತವೆ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವರು, ಕಡತ ಎಣಿಸುವವರು, ಗಂಟೆಗೊಮ್ಮೆ ಕೈ ತೊಳೆಯಲೇಬೇಕಾದ ನರ್ಸ್‌ಗಳು, ಅಡುಗೆಯವರು, ಇವರಿಗೆಲ್ಲ ಈ ಭಾಗ ಎಲ್ಲಕ್ಕಿಂತ ಮುಖ್ಯ.

ತೊಳೆಯುವಾಗ ಉಂಗುರ ತೆಗೆಯಿರಿ. ಅದರ ಕೆಳಗೆ ಸೋಪು ಉಳಿದು ಅಲ್ಲೇ ಮೊದಲು ತುರಿಕೆ ಶುರುವಾಗುತ್ತದೆ. ಬೆಚ್ಚಗಿನ ನೀರು ಸಾಕು, ಬಿಸಿನೀರಿನಿಂದ ರೋಗಾಣು ಹೆಚ್ಚೇನೂ ಹೋಗುವುದಿಲ್ಲ. ಬೆರಳ ಸಂದಿನ ನೊರೆ ಪೂರ್ತಿ ಹೋಗುವವರೆಗೆ ತೊಳೆದು, ಟಿಶ್ಯೂ ಒತ್ತಿ ಒರೆಸಿಕೊಳ್ಳಿ, ಸಂದುಗಳನ್ನು ಮರೆಯಬೇಡಿ. ಅಂಗೈ ಇನ್ನೂ ತಣ್ಣಗೆ ತೇವ ಅನ್ನಿಸುತ್ತಿರುವಾಗಲೇ ಕ್ರೀಮ್.

ಎಷ್ಟು? ಚರ್ಮದ ವೈದ್ಯರು ಬಳಸುವ ಅಳತೆಯೊಂದಿದೆ. ತೋರುಬೆರಳಿನ ಕೊನೆಯ ಗೆರೆಯಿಂದ ತುದಿಯವರೆಗೆ ಟ್ಯೂಬಿನಿಂದ ಒಂದು ಸಾಲು ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅಷ್ಟು ಒಂದು ಕೈಯ ಎರಡೂ ಮಗ್ಗುಲಿಗೆ ಆಗುತ್ತದೆ. ರಾತ್ರಿ ಎರಡೂ ಕೈಗೆ ಹಾಗೆ ಎರಡು ಸಾಲು ಹಚ್ಚಿ. ಕೆಲಸದ ನಡುವೆ ಕೀಬೋರ್ಡ್ ಜಿಡ್ಡಾಗುತ್ತದೆ ಅನ್ನೋದು ನಿಜ, ಅದಕ್ಕೆ ಕಡಿಮೆ ತಗೊಂಡು ಒಂದು ಉಪಾಯ ಮಾಡಿ: ಕ್ರೀಮನ್ನು ಅಂಗೈಗೆ ಹಾಕದೆ ಒಂದು ಅಂಗೈಯ ಹಿಂಬದಿಗೆ ಹಾಕಿ, ಎರಡೂ ಕೈಗಳ ಹಿಂಬದಿಯನ್ನು ಒಂದಕ್ಕೊಂದು ಉಜ್ಜಿ. ಆಮೇಲೆ ಗೆಣ್ಣುಗಳು, ಬೆರಳ ಸಂದು, ಕೊನೆಗೆ ಹೆಬ್ಬೆರಳಿನಿಂದ ಒಂದೊಂದೇ ಉಗುರಿನ ಅಂಚು ನೀವಿ. ಅಂಗೈ ಒಣಗಿಯೇ ಉಳಿಯುತ್ತದೆ, ಬಿರಿಯುವ ಜಾಗಗಳಿಗೆಲ್ಲ ಕ್ರೀಮ್ ಸಿಕ್ಕಿರುತ್ತದೆ. ಇಪ್ಪತ್ತು ಸೆಕೆಂಡಿನ ಕೆಲಸ. ಒಂದು ಟ್ಯೂಬ್ ಮೇಜಿನ ಮೇಲೆ ಕಣ್ಣಿಗೆ ಕಾಣುವಂತೆ ಇಡಿ, ಇನ್ನೊಂದು ಜೇಬಲ್ಲಿ. ಡ್ರಾಯರ್ ಒಳಗಿಟ್ಟರೆ ಮರೆತುಹೋಗುತ್ತದೆ.

ಸ್ಯಾನಿಟೈಸರ್ ಚರ್ಮ ಹಾಳು ಮಾಡುತ್ತದೆ ಅಂತ ಅದನ್ನು ಬಿಟ್ಟು ಮತ್ತೆ ಮತ್ತೆ ಸೋಪು ಹಾಕುವವರಿದ್ದಾರೆ. ಕೈಯಲ್ಲಿ ಕಾಣುವ ಕೊಳೆ ಇಲ್ಲದಿದ್ದಾಗ ಗ್ಲಿಸರಿನ್ ಸೇರಿಸಿದ ಸ್ಯಾನಿಟೈಸರೇ ಸೋಪಿಗಿಂತ ಚರ್ಮಕ್ಕೆ ಮೆದು, ಯಾಕೆಂದರೆ ಸೋಪಿನಂತೆ ಅದು ಜಿಡ್ಡನ್ನು ನೀರಿನ ಜೊತೆ ತೊಳೆದು ಹಾಕುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳಿಕೊಟ್ಟ ಸೂತ್ರದಲ್ಲೇ ಶೇ. 1.45 ಗ್ಲಿಸರಾಲ್ ಇದೆ, ಅದು ಇರುವುದು ಕೈ ಕಾಪಾಡಲೆಂದೇ. ಹಚ್ಚಿದಾಗ ಉರಿದರೆ ಅಲ್ಲಿ ಈಗಾಗಲೇ ಬಿರುಕು ಇದೆ ಅಂತ ಅರ್ಥ. ಶೌಚಕ್ಕೆ ಹೋಗಿ ಬಂದಾಗ, ಕೈ ಕೊಳೆಯಾದಾಗ ಮಾತ್ರ ಸೋಪು, ನೀರು ಬೇಕೇ ಬೇಕು.

ಬಿರುಕು ಆಗಲೇ ಬಿಟ್ಟಿದ್ದರೆ ರಾತ್ರಿ ಹೀಗೆ ಮಾಡಿ. ಐದು ನಿಮಿಷ ಬೆಚ್ಚಗಿನ ನೀರಲ್ಲಿ ಕೈ ಅದ್ದಿ. ಒತ್ತಿ ಒರೆಸಿ, ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಹಚ್ಚಿ, ಬಿರುಕಿನೊಳಗೆ ಬೆರಳಿನಿಂದ ಒತ್ತಿ ತುಂಬಿ. ಮೇಲೆ ಹತ್ತಿಯ ಕೈಗವಸು ಹಾಕಿ ಮಲಗಿ. ನನ್ನ ಹೆಬ್ಬೆರಳು ನಾಲ್ಕನೇ ಬೆಳಗ್ಗೆ ಕೂಡಿಕೊಂಡಿತ್ತು. ಹಗಲಲ್ಲಿ ಬಿರುಕಿನ ಮೇಲೆ ಪ್ಲಾಸ್ಟರ್ ಸುತ್ತಿ, ಅದು ಬಾಗದಂತೆ ತಡೆದರೆ ಬೇಗ ಮಾಯುತ್ತದೆ.

ಇಲ್ಲೊಂದು ಎಚ್ಚರಿಕೆ. ಇಂಥ ಜಿಡ್ಡು ಹೀರಿದ ಬಟ್ಟೆ, ಕೈಗವಸು, ದಿಂಬಿನ ಚೀಲಕ್ಕೆ ಕಿಡಿ ತಾಗಿದರೆ ಸಾಮಾನ್ಯ ಬಟ್ಟೆಗಿಂತ ಬಲು ಬೇಗ ಹೊತ್ತಿಕೊಳ್ಳುತ್ತದೆ. ಒಗೆದರೂ ಜಿಡ್ಡು ಪೂರ್ತಿ ಹೋಗುವುದಿಲ್ಲ. ಕೆಂಪಗೆ ಉರಿಯುವ ಹೀಟರ್, ಒಲೆ, ಸಿಗರೇಟಿನ ಹತ್ತಿರ ಅವನ್ನು ಒಯ್ಯಲೇಬೇಡಿ.

ತುಟಿ, ಮೂಗು, ಕಣ್ಣು, ಕಾಲು

ತುಟಿ ಒಣಗಿದಾಗ ನಾಲಿಗೆ ತಾನಾಗಿಯೇ ಹೋಗುತ್ತದೆ. ಎಂಜಲು ಆರುವಾಗ ಇನ್ನಷ್ಟು ಒಣಗಿಸುತ್ತದೆ, ಅದರಲ್ಲಿರುವ ಜೀರ್ಣರಸ ತೆಳು ಚರ್ಮವನ್ನು ಕೆರಳಿಸುತ್ತದೆ. ಹಾಗಾಗಿ ನೆಕ್ಕಬೇಕು ಅನ್ನಿಸಿದಾಗಲೆಲ್ಲ ಬಾಮ್ ಹಚ್ಚಿ. ತಣ್ಣಗೆ ಚುರುಗುಟ್ಟುವ ಮೆಂಥಾಲ್, ಕರ್ಪೂರದ ಬಾಮ್ ಬೇಡ, ಪೆಟ್ರೋಲಿಯಂ ಜೆಲ್ಲಿಯೇ ಸಾಕು. ಎದ್ದ ಸಿಪ್ಪೆ ಕೀಳಬೇಡಿ.

ಮೂಗಿನೊಳಗೆ ಒಣಗಿ ಚಕ್ಕೆ ಕಟ್ಟುತ್ತಿದ್ದರೆ ಉಪ್ಪುನೀರಿನ ನೇಸಲ್ ಸ್ಪ್ರೇ ಅಥವಾ ಜೆಲ್ ಬಳಸಿ. ಪೆಟ್ರೋಲಿಯಂ ಜೆಲ್ಲಿಯನ್ನು ದಿನಾ ಮೂಗಿನೊಳಗೆ ಹಚ್ಚುವ ಅಭ್ಯಾಸ ಒಳ್ಳೆಯದಲ್ಲ, ಜಿಡ್ಡು ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗಿ ತೊಂದರೆ ಕೊಡಬಹುದು.

ಸ್ಕ್ರೀನ್ ನೋಡುವಾಗ ನಾವು ಕಣ್ಣು ಮಿಟುಕಿಸುವುದೇ ಕಡಿಮೆ, ಅದರ ಮೇಲೆ ಒಣ ಗಾಳಿ ಬೇರೆ. ಇಪ್ಪತ್ತು ನಿಮಿಷಕ್ಕೊಮ್ಮೆ ದೂರ ನೋಡಿ, ಹತ್ತು ಸಲ ಪೂರ್ತಿ ರೆಪ್ಪೆ ಮುಚ್ಚಿ ತೆರೆಯಿರಿ. ಕಣ್ಣೀರಿನಂಥ ಡ್ರಾಪ್ಸ್ ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಕಾಗುತ್ತಿದ್ದರೆ ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ ತಗೊಳ್ಳಿ.

ಮೊಣಕಾಲಿನ ಕೆಳಗೆ, ಮುಂಭಾಗದಲ್ಲಿ ಎಣ್ಣೆ ಗ್ರಂಥಿಗಳು ಕಡಿಮೆ. ಸಂಜೆ ಸಾಕ್ಸ್ ಬಿಚ್ಚಿದಾಗ ಹೊಟ್ಟು ಉದುರುವುದು ಅದಕ್ಕೇ. ಬೆಳಗ್ಗೆ ಕ್ರೀಮ್ ಹಚ್ಚುವಾಗ ಈ ಜಾಗ ಬಿಟ್ಟುಬಿಡುವವರೇ ಜಾಸ್ತಿ. ಉಣ್ಣೆ ಬಟ್ಟೆ ನೇರವಾಗಿ ಮೈಗೆ ತಾಗದಂತೆ ಒಳಗೆ ಹತ್ತಿಯದ್ದೊಂದು ಹಾಕಿಕೊಳ್ಳಿ. ಕಿಟಕಿ ಪಕ್ಕ ಕೂರುವವರು ಸನ್‌ಸ್ಕ್ರೀನ್ ಬಿಡಬೇಡಿ, ಯುವಿಎ ಕಿರಣ ಗಾಜು ದಾಟಿ ಬರುತ್ತದೆ.

ನೀರು ಕುಡಿಯುವುದು ಮತ್ತು ಮುಖಕ್ಕೆ ಸ್ಪ್ರೇ

"ನೀರು ಜಾಸ್ತಿ ಕುಡಿ, ಚರ್ಮ ಸರಿಹೋಗುತ್ತದೆ" ಅನ್ನೋ ಮಾತು ಎಲ್ಲರಿಂದಲೂ ಕೇಳಿರುತ್ತೀರಿ. ಬಾಯಾರಿಕೆಗೆ ತಕ್ಕಷ್ಟು ಕುಡಿಯಲೇಬೇಕು, ಹೀಟರ್ ಇರುವಲ್ಲಿ ಬಾಯಿ ಗಂಟಲು ಒಣಗುವುದೂ ನಿಜ. ಆದರೆ ದೇಹಕ್ಕೆ ಸಾಕಷ್ಟು ನೀರು ಆಗಲೇ ಸಿಗುತ್ತಿದ್ದರೆ ಮೇಲೆ ಎರಡು ಲೀಟರ್ ಕುಡಿದರೂ ಒಡೆದ ಕೈ ಕೂಡುವುದಿಲ್ಲ. ಚರ್ಮ ಒಣಗುತ್ತಿರುವುದು ಒಳಗೆ ನೀರಿಲ್ಲದ್ದಕ್ಕಲ್ಲ, ಹೊರಗಿನ ಮುಚ್ಚಳ ತೂತಾದದ್ದಕ್ಕೆ.

ಮುಖಕ್ಕೆ ನೀರು ಸಿಂಪಡಿಸುವ ಸ್ಪ್ರೇ ಒಂದು ನಿಮಿಷ ತಂಪು ಕೊಡುತ್ತದೆ, ಆರಿದ ಮೇಲೆ ಮೊದಲಿಗಿಂತ ಬಿಗಿ ಅನ್ನಿಸುತ್ತದೆ. ಬಳಸಲೇಬೇಕು ಅಂತಿದ್ದರೆ ಸಿಂಪಡಿಸಿದ ಕೂಡಲೇ, ಆರುವ ಮೊದಲು, ಮೇಲೆ ತೆಳುವಾಗಿ ಕ್ರೀಮ್ ಹಚ್ಚಿ. ಊಟದ ಬಿಡುವಿನಲ್ಲಿ ಇದನ್ನು ಒಮ್ಮೆ ಮಾಡಿದರೆ ಸಂಜೆಯವರೆಗೆ ಕೆನ್ನೆ ಬಿಗಿಯುವುದಿಲ್ಲ.

ವೈದ್ಯರ ಹತ್ತಿರ ಯಾವಾಗ

ಇಷ್ಟೆಲ್ಲ ಎರಡು ವಾರ ತಪ್ಪದೆ ಮಾಡಿಯೂ ಕಡಿಮೆಯಾಗದಿದ್ದರೆ ಹೋಗಿ. ಕೀವು, ಹಳದಿ ಹೊಪ್ಪಳ, ಹರಡುವ ಕೆಂಪು, ಮುಟ್ಟಿದರೆ ಬಿಸಿ, ಇವಿದ್ದರೆ ಎರಡು ವಾರ ಕಾಯಬೇಡಿ. ರಾತ್ರಿ ನಿದ್ದೆ ಕೆಡಿಸುವ ತುರಿಕೆ ಇದ್ದರೂ ಅಷ್ಟೇ. ಗುಳ್ಳೆ, ಕಲೆ ಏನೂ ಇಲ್ಲದೆ ಮೈಯೆಲ್ಲ ತುರಿಸುತ್ತಿದ್ದರೆ ಗಾಳಿಯನ್ನಷ್ಟೇ ದೂರಬೇಡಿ, ಥೈರಾಯ್ಡ್, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆಯಲ್ಲೂ ಹೀಗಾಗುತ್ತದೆ. ಉಂಗುರದ ಆಕಾರದ ಕಲೆ ಇದ್ದರೆ ಅದು ಹುಳಕಡ್ಡಿಯೂ ಇರಬಹುದು, ಅದಕ್ಕೆ ಕ್ರೀಮ್ ಬೇರೆ. ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಟ್ಯೂಬ್ ತಂದು ಹಚ್ಚಿಕೊಳ್ಳಬೇಡಿ, ಮುಖಕ್ಕಂತೂ ಬೇಡವೇ ಬೇಡ.

ಹೋಗುವಾಗ ಬಳಸುತ್ತಿರುವ ಎಲ್ಲ ಸೋಪು, ಕ್ರೀಮ್, ಸ್ಯಾನಿಟೈಸರ್ ಡಬ್ಬಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಇಲ್ಲವೇ ಹಿಂದಿನ ಪಟ್ಟಿಯ ಫೋಟೋ ತೆಗೆದುಕೊಳ್ಳಿ. ರಜೆಯಲ್ಲಿ ವಾಸಿಯಾಗಿ, ಕೆಲಸಕ್ಕೆ ಮರಳಿದ ಎರಡು ಮೂರು ದಿನದಲ್ಲಿ ಮತ್ತೆ ಶುರುವಾಗುತ್ತದೆಯಾ ಅಂತ ನೆನಪು ಮಾಡಿಕೊಂಡು ಹೇಳಿ. ಆ ಒಂದು ಮಾತಿನಿಂದ, ಇದು ಕೆಲಸದ ಜಾಗದಿಂದ ಬರುತ್ತಿದೆಯೋ ಬೇರೆ ಕಾರಣವೋ ಅಂತ ಹುಡುಕುವುದು ಅವರಿಗೆ ಸುಲಭವಾಗುತ್ತದೆ. ಮೀಟರ್ ಅಂಕಿ ಬರೆದಿಟ್ಟ ಚೀಟಿ ಇದ್ದರೆ ಅದನ್ನೂ ತೋರಿಸಿ.